ಖಾಡಿಯ ಕೆಸರಿನಲ್ಲೊಂದು ಸಂಸಾರ

ಮಾನಖುರ್ದ ನಿಲ್ದಾಣವನ್ನು ಬಿಟ್ಟ ಲೋಕಲ್ ಗಾಡಿಯು ವಾಶಿಯ ಕಡೆಗೆ ಸಾಗುವಾಗ ಥಾಣೆ ಖಾಡಿಯ ಮೇಲಿನ ಉದ್ದವಾದ ಸೇತುವೆಯನ್ನು ದಾಟುತ್ತದೆ. ಸಮುದ್ರದ ನೀರು ನೆಲದೊಳಕ್ಕೆ ತೋಳಿನಂತೆ ಚಾಚಿಕೊಂಡ ಭಾಗವನ್ನು ಇಲ್ಲಿಯ ಜನರು ಖಾಡಿ ಎನ್ನುತ್ತಾರೆ. ಇಳಿತದ ವೇಳೆಯಲ್ಲಿ ಕಿಟಕಿಯಿಂದ ನೋಡಿದರೆ ನೀರು ಹಿಂದೆ ಸರಿದು, ಕಪ್ಪು ಕೆಸರಿನ ಬಯಲು ಕಣ್ಣು ಹರಿಯುವಷ್ಟು ದೂರ ತೆರೆದುಕೊಂಡಿರುತ್ತದೆ. ಅದರ ಅಂಚಿನಲ್ಲಿ ಗಿಡ್ಡನೆಯ ಹಸುರು ಮರಗಳ ದಟ್ಟಣೆ. ಗಾಳಿ ಬೀಸಿದಾಗ ಕೊಳೆತ ಮೊಟ್ಟೆಯಂಥ ವಾಸನೆ. ಡಬ್ಬಿಯಲ್ಲಿರುವವರು ಮೂಗಿಗೆ ಕರವಸ್ತ್ರ ಹಿಡಿದು, “ಎಂಥ ಹೊಲಸು ಜಾಗ!” ಎಂದು ಮುಖ ತಿರುಗಿಸುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಹಾಗೆ ಮಾಡದವರು ವಿರಳ.

ಆದರೆ ಹೊಲಸೆಂದು ನಾವು ಜರೆಯುವ ಆ ಕೆಸರು ಒಂದು ದೊಡ್ಡ ಸಂಸಾರದ ಅಡುಗೆಮನೆಯಾಗಿದೆ. ಅಲ್ಲಿ ಉಣ್ಣುವವರು ಅಸಂಖ್ಯರು. ಅಲ್ಲಿ ವ್ಯರ್ಥವಾಗಿ ಹೋಗುವ ವಸ್ತು ಅತ್ಯಲ್ಪ. ಆ ಸಂಸಾರದ ರೀತಿನೀತಿಗಳನ್ನು ತಿಳಿದುಕೊಂಡರೆ, ಜೀವಿಗಳು ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬ ವಿಷಯವು ತಾನಾಗಿಯೇ ಮನದಟ್ಟಾಗುವುದು.

ಪರಿಸರ ವಿಜ್ಞಾನವೆಂದರೇನು?

೧೮೬೬ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ ಎಂಬವನು ‘ಇಕಾಲಜಿ’ ಎಂಬ ಅರ್ಥದ ಶಬ್ದವನ್ನು ಮೊದಲು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ‘ಓಯ್ಕೋಸ್’ ಎಂದರೆ ಮನೆ. ಆದುದರಿಂದ ಜೀವಿಗಳ ಮನೆವಾರ್ತೆಯನ್ನು ಕುರಿತ ಶಾಸ್ತ್ರವೇ ಇಕಾಲಜಿ. ಕನ್ನಡದಲ್ಲಿ ಇದನ್ನು ಪರಿಸರ ವಿಜ್ಞಾನವೆಂದು ಕರೆಯುತ್ತೇವೆ. ಒಂದು ಪ್ರಾಣಿಯನ್ನು ಕೊಯ್ದು ಅದರ ಅಂಗಾಂಗಗಳನ್ನು ಪರೀಕ್ಷಿಸುವುದು ಈ ಶಾಸ್ತ್ರದ ಕೆಲಸವಲ್ಲ. ಆ ಪ್ರಾಣಿ ಎಲ್ಲಿ ವಾಸಿಸುತ್ತದೆ, ಏನನ್ನು ತಿನ್ನುತ್ತದೆ, ಯಾರಿಗೆ ಆಹಾರವಾಗುತ್ತದೆ, ಯಾರ ನೆರವನ್ನು ಪಡೆಯುತ್ತದೆ ಎಂಬುದನ್ನು ಇದು ವಿಚಾರಿಸುತ್ತದೆ.

ಮನೆಯೆಂದ ಮೇಲೆ ನೆಲ, ಗೋಡೆ, ಮಾಡುಗಳು ಇರಬೇಕು. ವಾಸಿಸುವ ಜನರೂ ಇರಬೇಕು. ಅಂತೆಯೇ ಯಾವುದೊಂದು ಪ್ರದೇಶದಲ್ಲಿಯೂ ಬಿಸಿಲು, ನೀರು, ಗಾಳಿ, ಮಣ್ಣು, ಲವಣಗಳೆಂಬ ನಿರ್ಜೀವ ಅಂಶಗಳಿವೆ. ಗಿಡಮರ, ಪ್ರಾಣಿ, ಸೂಕ್ಷ್ಮಾಣುಗಳೆಂಬ ಸಜೀವ ಅಂಶಗಳಿವೆ. ಇವೆರಡೂ ಕೂಡಿ ನಡೆಸುವ ಸಮಸ್ತ ವ್ಯವಹಾರಕ್ಕೆ ೧೯೩೫ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿಯು ‘ಇಕೋಸಿಸ್ಟಮ್’, ಅಂದರೆ ಪರಿಸರ ವ್ಯವಸ್ಥೆ, ಎಂಬ ಹೆಸರನ್ನು ಕೊಟ್ಟನು. ಒಂದು ಕೆರೆ, ಒಂದು ಕಾಡು, ಒಂದು ಹುಲ್ಲುಗಾವಲು, ಇವೆಲ್ಲ ಪರಿಸರ ವ್ಯವಸ್ಥೆಗಳೇ. ನಮ್ಮ ಥಾಣೆ ಖಾಡಿಯೂ ಅಂಥದೊಂದು.

ಖಾಡಿಯ ಕಠಿಣ ನಿಯಮಗಳು

ಈ ಮನೆಯಲ್ಲಿ ವಾಸಿಸುವುದು ಸುಲಭವಲ್ಲ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಉಬ್ಬರದ ವೇಳೆ ಇಂದಿಗಿಂತ ನಾಳೆಗೆ ಸುಮಾರು ೫೦ ನಿಮಿಷ ತಡ. ಆರೇಳು ಗಂಟೆಗಳ ಹಿಂದೆ ಆಳವಾದ ನೀರಿದ್ದ ಸ್ಥಳದಲ್ಲಿ ಈಗ ಬಿಸಿಲಿಗೆ ಬಿರಿಯುವ ಕೆಸರು. ಮಳೆಗಾಲದಲ್ಲಿ ನೀರು ಸಿಹಿಯಾಗುತ್ತದೆ. ಬೇಸಗೆಯಲ್ಲಿ ಉಪ್ಪಿನ ಅಂಶವು ಏರುತ್ತದೆ. ಕೆಸರಿನ ಕಣಗಳು ಅತಿ ಸೂಕ್ಷ್ಮವಾಗಿ ಒತ್ತೊತ್ತಾಗಿರುವುದರಿಂದ ಗಾಳಿಯು ಒಳಗೆ ನುಸುಳಲಾರದು. ಮೇಲ್ಪದರದ ಕೆಳಗೆ ಆಮ್ಲಜನಕವು ಇಲ್ಲವೆಂದೇ ಹೇಳಬೇಕು.

ಕೊಳೆತ ಮೊಟ್ಟೆಯ ವಾಸನೆಯ ಗುಟ್ಟು ಇಲ್ಲಿದೆ. ಆಮ್ಲಜನಕವಿಲ್ಲದ ಆ ಕತ್ತಲೆಯಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿರುವ ಗಂಧಕದ ಲವಣಗಳನ್ನು ಬಳಸಿಕೊಂಡು, ಬಿದ್ದ ಎಲೆಗಳನ್ನೂ ಸತ್ತ ಜೀವಿಗಳನ್ನೂ ಕೊಳೆಯಿಸುತ್ತವೆ. ಆಗ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವೇ ಆ ವಾಸನೆಗೆ ಒಂದು ಕಾರಣ. ನಗರದ ಚರಂಡಿ ನೀರು ಅದಕ್ಕೆ ಸೇರಿ ದುರ್ವಾಸನೆಯನ್ನು ಹೆಚ್ಚಿಸುವುದೂ ನಿಜ. ಆದರೆ ಚರಂಡಿಯೇ ಇಲ್ಲದ ಖಾಡಿಯಲ್ಲಿಯೂ ಈ ವಾಸನೆಯು ಸ್ವಲ್ಪಮಟ್ಟಿಗೆ ಇದ್ದೇ ಇರುವುದು.

ಕಾಂಡ್ಲಾ ಮರಗಳ ಉಪಾಯ

ಇಂಥ ನೆಲದಲ್ಲಿ ಮಾವು ಹಲಸುಗಳನ್ನು ನೆಟ್ಟರೆ ಒಂದು ವಾರವೂ ಬಾಳಲಾರವು. ಆದರೆ ಕಾಂಡ್ಲಾ ಜಾತಿಯ ಮರಗಳು ಸುಖವಾಗಿ ಬೆಳೆಯುತ್ತವೆ. ರಜೆಯಲ್ಲಿ ಕುಂದಾಪುರ, ಹೊನ್ನಾವರ, ಕುಮಟೆಗಳ ಕಡೆಗೆ ಹೋಗುವ ಮಕ್ಕಳು ಅಲ್ಲಿಯ ಅಳಿವೆಗಳ ದಂಡೆಯಲ್ಲಿ ಇವುಗಳನ್ನು ಕಂಡಿರಬಹುದು. ಥಾಣೆ ಖಾಡಿಯಲ್ಲಿ ಹೆಚ್ಚಾಗಿರುವ ಮರವನ್ನು ಸಸ್ಯಶಾಸ್ತ್ರಜ್ಞರು ಅವಿಸೇನಿಯಾ ಎಂದೂ ಮರಾಠಿಯವರು ತಿವರವೆಂದೂ ಕರೆಯುತ್ತಾರೆ.

ತಿವರದ ಬೇರುಗಳಿಂದ ಪೆನ್ಸಿಲಿನಂಥ ಸಾವಿರಾರು ಕಡ್ಡಿಗಳು ಕೆಸರನ್ನು ಭೇದಿಸಿ ನೆಟ್ಟಗೆ ಮೇಲಕ್ಕೆ ಬಂದಿರುತ್ತವೆ. ಇವು ಉಸಿರು ಬೇರುಗಳು. ಕೆಳಗೆ ಗಾಳಿಯಿಲ್ಲದುದರಿಂದ ಮರವು ಮೇಲಿನಿಂದಲೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀರಿದ ನೀರಿನೊಡನೆ ಒಳಗೆ ಬಂದ ಉಪ್ಪನ್ನು ಎಲೆಗಳಲ್ಲಿರುವ ಗ್ರಂಥಿಗಳ ಮೂಲಕ ಹೊರಕ್ಕೆ ಹಾಕುತ್ತದೆ. ಬಿಸಿಲಿನ ದಿನ ಎಲೆಯ ಮೇಲೆ ಉಪ್ಪಿನ ಹರಳುಗಳನ್ನು ಕಣ್ಣಾರೆ ಕಾಣಬಹುದು. ಕಾಂಡ್ಲಾ ವರ್ಗದ ಇನ್ನೊಂದು ಮರ ರೈಜೊಫೋರಾ. ಇದರ ಬೀಜವು ತಾಯಿಮರದಲ್ಲಿ ತೂಗುತ್ತಿರುವಾಗಲೇ ಮೊಳೆಯುತ್ತದೆ. ನೀಳವಾದ ಮೊಳಕೆಯು ಬಲಿತ ಮೇಲೆ ಕೆಳಕ್ಕೆ ಬಿದ್ದು, ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲಿಹೋಗಿ ಬೇರೊಂದು ದಂಡೆಯನ್ನು ಸೇರುತ್ತದೆ. ಜೀವಿಯು ತನ್ನ ನೆಲೆಗೆ ತಕ್ಕಂತೆ ಮಾರ್ಪಾಡುಗೊಳ್ಳುವ ಈ ಗುಣಕ್ಕೆ ಹೊಂದಾಣಿಕೆ ಎಂದು ಹೆಸರು.

ಯಾರು ಯಾರ ಊಟ?

ಹಸುರು ಸಸ್ಯಗಳು ಪತ್ರಹರಿತ್ತಿನ ಸಹಾಯದಿಂದ ಬಿಸಿಲಿನ ಶಕ್ತಿಯನ್ನು ಹಿಡಿದು ಆಹಾರವನ್ನು ತಯಾರಿಸುತ್ತವೆ. ಆದುದರಿಂದ ಅವು ಉತ್ಪಾದಕಗಳು. ಖಾಡಿಯಲ್ಲಿ ಕಾಂಡ್ಲಾ ಮರಗಳೂ ಕೆಸರಿನ ಮೇಲೆ ತೆಳುವಾಗಿ ಹಬ್ಬಿದ ಪಾಚಿಗಳೂ ಉತ್ಪಾದಕಗಳು. ತಾವು ಆಹಾರವನ್ನು ತಯಾರಿಸಲಾರದೆ ಇತರರನ್ನು ತಿಂದು ಬದುಕುವ ಪ್ರಾಣಿಗಳು ಭಕ್ಷಕಗಳು. ಸತ್ತುದನ್ನು ಕೊಳೆಯಿಸಿ ಮರಳಿ ಮಣ್ಣಿಗೆ ಸೇರಿಸುವ ಬ್ಯಾಕ್ಟೀರಿಯಾ, ಶಿಲೀಂಧ್ರ ಮುಂತಾದವು ವಿಘಟಕಗಳು.

ಕಾಡಿನಲ್ಲಿ ಜಿಂಕೆಯು ಹಸುರು ಎಲೆಯನ್ನೇ ತಿನ್ನುತ್ತದೆ. ಖಾಡಿಯ ರೀತಿ ಬೇರೆ. ಇಲ್ಲಿ ಎಲೆಯ ಹೆಚ್ಚಿನ ಪಾಲು ಉದುರಿ ಬಿದ್ದ ಮೇಲೆಯೇ ಉಪಯೋಗಕ್ಕೆ ಬರುತ್ತದೆ. ಒಂದು ಹಳದಿ ಎಲೆಯು ಕೆಸರಿಗೆ ಬಿತ್ತೆನ್ನೋಣ. ಒಂದು ಏಡಿಯು ಅದನ್ನು ತನ್ನ ಬಿಲದೊಳಕ್ಕೆ ಎಳೆದುಕೊಂಡು ಹೋಗಿ ಚೂರುಮಾಡಿ ತಿನ್ನುತ್ತದೆ. ಉಳಿದ ಚೂರುಗಳ ಮೇಲೆ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಬೆಳೆದು ಅದನ್ನು ಮೃದುವಾಗಿಯೂ ಪುಷ್ಟಿಕರವಾಗಿಯೂ ಮಾಡುತ್ತವೆ. ಆ ಪುಡಿಯನ್ನು ಸಿಗಡಿಮರಿಗಳೂ ಹುಳುಗಳೂ ತಿನ್ನುತ್ತವೆ. ಅವುಗಳನ್ನು ಮೀನುಗಳು, ಮೀನುಗಳನ್ನು ಬೆಳ್ಳಕ್ಕಿ, ಬಕ, ಮಿಂಚುಳ್ಳಿಗಳು ತಿನ್ನುತ್ತವೆ. ಕಾಂಡ್ಲಾ ಪೊದೆಗಳಲ್ಲಿ ಅಡಗಿರುವ ನರಿಯು ಇಳಿತದ ಹೊತ್ತಿನಲ್ಲಿ ಏಡಿಯನ್ನು ಹುಡುಕಿಕೊಂಡು ಹೊರಡುತ್ತದೆ. ಮುಂಬಯಿಯಂಥ ಮಹಾನಗರದ ನಡುವೆ ನರಿಗಳಿವೆಯೆಂದರೆ ಅನೇಕರು ನಂಬಲಾರರು. ಆದರೆ ಥಾಣೆ ಖಾಡಿಯ ಕಾಡಿನಲ್ಲಿ ಅವು ಇಂದಿಗೂ ಇವೆ.

ಎಲೆ, ಏಡಿ, ನರಿ, ಇದೊಂದು ಆಹಾರ ಸರಪಳಿ. ಎಲೆಯ ಪುಡಿ, ಸಿಗಡಿ, ಮೀನು, ಬೆಳ್ಳಕ್ಕಿ, ಇದು ಮತ್ತೊಂದು. ಒಂದೇ ಏಡಿಯನ್ನು ನರಿಯೂ ಹಕ್ಕಿಯೂ ದೊಡ್ಡ ಮೀನೂ ತಿನ್ನುವುದರಿಂದ ಇಂಥ ಅನೇಕ ಸರಪಳಿಗಳು ಹೆಣೆದುಕೊಂಡು ಆಹಾರ ಜಾಲವಾಗುತ್ತದೆ. ಆ ಜಾಲದ ತುದಿಯಲ್ಲಿ ಬಲೆ ಹಿಡಿದ ಕೋಳಿ ಜನರೂ, ಬಾಜಾರಿನಲ್ಲಿ ಸಿಗಡಿಯನ್ನು ಕೊಳ್ಳುವ ನಾವೂ ಇದ್ದೇವೆಂಬುದನ್ನು ಮರೆಯಬಾರದು. ಸಿಗಡಿ ಮತ್ತು ಮೀನುಗಳಲ್ಲಿ ಅನೇಕ ಜಾತಿಗಳು ಮರಿಗಳಾಗಿರುವಾಗ ಈ ಬೇರುಗಳ ಮರೆಯಲ್ಲಿ ಬೆಳೆದು, ಬಲಿತ ಮೇಲೆ ಕಡಲಿಗೆ ಹೋಗುತ್ತವೆ.

ಹತ್ತರಲ್ಲೊಂದು ಪಾಲು

ತಿಂದುದೆಲ್ಲವೂ ಮೈಗೆ ಹತ್ತುವುದಿಲ್ಲ. ಓಡಾಟ, ಉಸಿರಾಟ, ಮೈಕಾವುಗಳಿಗಾಗಿ ಬಹುಪಾಲು ಶಕ್ತಿಯು ವೆಚ್ಚವಾಗುತ್ತದೆ. ಅಮೆರಿಕದ ರೇಮಂಡ್ ಲಿಂಡ್‌ಮನ್ ಎಂಬ ತರುಣ ವಿಜ್ಞಾನಿಯು ಒಂದು ಸಣ್ಣ ಸರೋವರವನ್ನು ಅಭ್ಯಸಿಸಿ, ಈ ಶಕ್ತಿಯ ಲೆಕ್ಕವನ್ನು ಹಾಕುವ ದಾರಿಯನ್ನು ತೋರಿಸಿದನು. ಅವನ ಲೇಖನವು ೧೯೪೨ರಲ್ಲಿ ಪ್ರಕಟವಾಯಿತು. ಸ್ಥೂಲವಾಗಿ ಹೇಳುವುದಾದರೆ, ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮೇಲಿನ ಮೆಟ್ಟಿಲನ್ನು ಮುಟ್ಟುತ್ತದೆ. ಸಸ್ಯದಲ್ಲಿ ೧೦೦೦ ಪಾಲು ಶಕ್ತಿಯಿದ್ದರೆ ಅದನ್ನು ತಿಂದ ಸಿಗಡಿಯಲ್ಲಿ ೧೦೦, ಸಿಗಡಿಯನ್ನು ತಿಂದ ಮೀನಿನಲ್ಲಿ ೧೦, ಮೀನನ್ನು ತಿಂದ ಹಕ್ಕಿಯಲ್ಲಿ ೧ ಪಾಲು ಉಳಿದೀತು. ಖಾಡಿಯಲ್ಲಿ ಏಡಿಗಳು ಲೆಕ್ಕವಿಲ್ಲದಷ್ಟಿದ್ದು ನರಿಗಳು ಕೆಲವೇ ಇರುವುದಕ್ಕೆ ಇದೇ ಕಾರಣ.

ಶಕ್ತಿಯು ಮೇಲೇರಿದಂತೆ ಕಡಿಮೆಯಾಗುತ್ತದೆ. ಆದರೆ ಕೆಲವು ವಿಷಗಳು ಮೇಲೇರಿದಂತೆ ಹೆಚ್ಚುತ್ತವೆ. ಪಾದರಸದ ಕೆಲವು ಸಂಯುಕ್ತಗಳು ದೇಹದಿಂದ ಬೇಗನೆ ಹೊರಹೋಗಲಾರವು. ನೂರು ಸಿಗಡಿಗಳ ವಿಷವು ಒಂದು ಮೀನಿನಲ್ಲಿಯೂ, ನೂರು ಮೀನುಗಳ ವಿಷವು ಒಬ್ಬ ಮನುಷ್ಯನಲ್ಲಿಯೂ ಸಂಗ್ರಹವಾಗುತ್ತದೆ. ಜಪಾನಿನ ಮಿನಮಾತಾ ಎಂಬ ಕಡಲತೀರದ ಊರಿನಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಪಾದರಸದ ಕಲ್ಮಶವನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನನ್ನು ತಿಂದ ಬೆಕ್ಕುಗಳು ಹುಚ್ಚುಹಿಡಿದಂತೆ ಕುಣಿದು ಸತ್ತವು. ೧೯೫೬ರಲ್ಲಿ ಆ ರೋಗವು ಮನುಷ್ಯರಲ್ಲಿಯೂ ಇದೆಯೆಂಬುದು ಅಧಿಕೃತವಾಗಿ ಬೆಳಕಿಗೆ ಬಂದಿತು. ನೀರಿಗೆ ಎಸೆದುದು ನೀರಿನಲ್ಲಿಯೇ ಉಳಿಯುವುದಿಲ್ಲವೆಂಬ ಪಾಠವನ್ನು ಜಗತ್ತು ಅಂದು ಕಲಿಯಿತು.

ನೆರೆಹೊರೆಯ ಸಂಬಂಧಗಳು

ತಿನ್ನುವುದು ಮತ್ತು ತಿನ್ನಿಸಿಕೊಳ್ಳುವುದು ಮಾತ್ರವೇ ಜೀವಿಗಳ ಸಂಬಂಧವಲ್ಲ. ಒಂದೇ ಆಹಾರಕ್ಕಾಗಿ ಇಬ್ಬರು ಹೋರಾಡಿದರೆ ಅದು ಸ್ಪರ್ಧೆ. ಇಬ್ಬರಿಗೂ ಲಾಭವಾಗುವಂತೆ ಬಾಳಿದರೆ ಅದು ಸಹಜೀವನ: ಜೇನುನೊಣವು ತಿವರದ ಹೂವಿನಿಂದ ಮಕರಂದವನ್ನು ಪಡೆದು, ಪರಾಗವನ್ನು ಹೂವಿನಿಂದ ಹೂವಿಗೆ ಮುಟ್ಟಿಸುತ್ತದೆ. ಮರದ ಬುಡಕ್ಕೆ ಅಂಟಿಕೊಂಡ ಚಿಪ್ಪಿನ ಜೀವಿಗಳು ಆಸರೆಯನ್ನು ಪಡೆದರೂ, ಅತಿಯಾಗಿ ಮುತ್ತದಿದ್ದರೆ ಮರಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಹಾನಿಯಾದರೆ ಅದು ಪರಾವಲಂಬನೆ. ನಮ್ಮ ಊರಿನ ಮಾವಿನ ಮರದ ಮೇಲಿನ ಬಂದಳಿಕೆಯನ್ನು ನೆನೆದುಕೊಳ್ಳಿರಿ.

ಸ್ಪರ್ಧೆಯನ್ನು ತಪ್ಪಿಸುವ ಜಾಣತನವೂ ಪ್ರಕೃತಿಯಲ್ಲುಂಟು. ಚಳಿಗಾಲದಲ್ಲಿ ಥಾಣೆ ಖಾಡಿಗೆ ಗುಲಾಬಿ ಬಣ್ಣದ ರಾಜಹಂಸಗಳು, ಅಂದರೆ ಫ್ಲೆಮಿಂಗೋ ಹಕ್ಕಿಗಳು, ಬರುತ್ತವೆ. ಅವುಗಳ ಸಂಖ್ಯೆಯು ಒಂದು ಲಕ್ಷವನ್ನು ಮೀರಿದ ವರ್ಷಗಳುಂಟು. ಅವುಗಳಲ್ಲಿ ದೊಡ್ಡದು, ಚಿಕ್ಕದು ಎಂಬ ಎರಡು ಜಾತಿಗಳು ಒಂದೇ ಕೆಸರಿನಲ್ಲಿ ಮೇಯುತ್ತವೆ. ಚಿಕ್ಕ ಜಾತಿಯ ಕೊಕ್ಕಿನಲ್ಲಿ ಬಲು ಸೂಕ್ಷ್ಮವಾದ ಜರಡಿಯಿರುವುದರಿಂದ ಅದು ಮುಖ್ಯವಾಗಿ ಪಾಚಿಯನ್ನು ಸೋಸಿ ತಿನ್ನುತ್ತದೆ. ದೊಡ್ಡ ಜಾತಿಯು ಸಣ್ಣ ಸಿಗಡಿ, ಹುಳು, ಚಿಪ್ಪಿನ ಜೀವಿಗಳನ್ನು ಆರಿಸಿಕೊಳ್ಳುತ್ತದೆ. ಹೀಗೆ ಒಂದೇ ಪಂಕ್ತಿಯಲ್ಲಿ ಕುಳಿತರೂ ಬೇರೆ ಬೇರೆ ಭಕ್ಷ್ಯಗಳನ್ನು ಉಣ್ಣುವುದರಿಂದ ಜಗಳವು ಕಡಿಮೆ. ಅವುಗಳ ಗುಲಾಬಿ ಬಣ್ಣವೂ ಆಹಾರದಿಂದ ಬಂದುದೇ. ಪಾಚಿಯಲ್ಲಿರುವ ವರ್ಣದ್ರವ್ಯವೇ ಗರಿಗಳನ್ನು ಸೇರುತ್ತದೆ.

ಕೆಸರಿನ ಮೇಲೆ ಜಿಗಿಯುವ ಒಂದು ಮೀನಿದೆ. ಕೋಳಿ ಜನರು ಅದನ್ನು ನಿವಟಿ ಎನ್ನುತ್ತಾರೆ. ಮೈ ಒದ್ದೆಯಾಗಿರುವ ತನಕ ಅದು ಚರ್ಮದ ಮೂಲಕವೂ ಉಸಿರಾಡಬಲ್ಲದು. ಅದರ ಪಕ್ಕದಲ್ಲಿಯೇ ಒಂದು ಕೊಂಬು ದೊಡ್ಡದಾಗಿರುವ ಪುಟ್ಟ ಗಂಡು ಏಡಿಯು ಕೆಸರನ್ನು ಬಾಯಿಗಿಟ್ಟು, ಪಾಚಿಯ ಅಂಶವನ್ನು ಮಾತ್ರ ಉಳಿಸಿಕೊಂಡು, ಉಳಿದುದನ್ನು ಉಂಡೆಯಾಗಿ ಬಿಸಾಡುತ್ತದೆ. ಇವು ತೋಡಿದ ಬಿಲಗಳ ಮೂಲಕ ನೀರೂ ಗಾಳಿಯೂ ಕೆಳಕ್ಕಿಳಿದು ಮರದ ಬೇರುಗಳಿಗೆ ಸಹಾಯವಾಗುತ್ತದೆ. ಮರವು ಏಡಿಗೆ ಎಲೆಯನ್ನು ಕೊಡುತ್ತದೆ. ಏಡಿಯು ಮರದ ನೆಲವನ್ನು ಉಳುತ್ತದೆ.

ಹುಳು ತಿಂದ ಕಾಡು

ಕೆಲವು ವರ್ಷ ಮಳೆಗಾಲದ ಕೊನೆಯಲ್ಲಿ ಮುಂಬಯಿಯ ತಿವರದ ಕಾಡು ಏಕಾಏಕಿ ಒಣಗಿದಂತೆ ಕಾಣುತ್ತದೆ. ಯಾರೋ ವಿಷ ಹಾಕಿದರೆಂದು ಜನರು ಗಾಬರಿಗೊಳ್ಳುತ್ತಾರೆ. ನಿಜವಾಗಿ ಅದು ಒಂದು ಪತಂಗದ ಕಂಬಳಿಹುಳುವಿನ ಕೆಲಸ. ತೇಗದ ಎಲೆಯನ್ನು ತಿಂದು ಹೆಸರಾದ ಹುಳು ಅದು. ಲಕ್ಷಾಂತರ ಹುಳುಗಳು ಎಲೆಗಳನ್ನೆಲ್ಲ ಮೇಯ್ದು ಕಡ್ಡಿಗಳನ್ನು ಮಾತ್ರ ಉಳಿಸುತ್ತವೆ. ಔಷಧಿಯನ್ನು ಸಿಂಪಡಿಸಿ ಕೊಲ್ಲಬಾರದೇ ಎಂದು ತೋರುವುದು ಸಹಜ. ಆದರೆ ಸ್ವಲ್ಪ ತಾಳಿದರೆ ಏನಾಗುತ್ತದೆ? ಹಕ್ಕಿಗಳಿಗೂ ಜೇಡಗಳಿಗೂ ಸುಗ್ಗಿಯಾಗುತ್ತದೆ. ಹುಳುಗಳ ಹಿಕ್ಕೆಯು ಕೆಸರಿಗೆ ಬಿದ್ದು ಗೊಬ್ಬರವಾಗುತ್ತದೆ. ಹುಳುಗಳು ಪತಂಗಗಳಾಗಿ ಹಾರಿಹೋಗುತ್ತವೆ. ಕೆಲವು ವಾರಗಳಲ್ಲಿ ಮರಗಳು ಹೊಸ ಚಿಗುರನ್ನು ತಳೆದು ಹಸುರಾಗುತ್ತವೆ. ವಿಷವನ್ನು ಸಿಂಪಡಿಸಿದ್ದರೆ ಹುಳುಗಳೊಡನೆ ಜೇಡಗಳೂ ಜೇನುನೊಣಗಳೂ ಸಿಗಡಿಮರಿಗಳೂ ಸಾಯುತ್ತಿದ್ದವು. ತನ್ನ ತೂಕವನ್ನು ತಾನೇ ಸರಿಪಡಿಸಿಕೊಳ್ಳುವ ಈ ಗುಣಕ್ಕೆ ಪರಿಸರದ ಸಮತೋಲನವೆನ್ನುತ್ತಾರೆ.

ಮನುಷ್ಯನ ಪಾಲು

ಹಾಗಾದರೆ ಪ್ರಕೃತಿಯು ಎಲ್ಲವನ್ನೂ ತಾನೇ ಸರಿಪಡಿಸಿಕೊಳ್ಳುವುದೆಂದು ನಾವು ನಿಶ್ಚಿಂತರಾಗಿರಬಹುದೇ? ಇಲ್ಲ. ಹುಳು ಎಲೆಯನ್ನು ತಿಂದಿತು. ಬೇರನ್ನು ಮುಟ್ಟಲಿಲ್ಲ, ನೀರಿನ ದಾರಿಯನ್ನು ಕಟ್ಟಲಿಲ್ಲ. ಮನುಷ್ಯನು ಈ ಎರಡನ್ನೂ ಮಾಡಬಲ್ಲನು. ಕಟ್ಟಡದ ಕಲ್ಲುಮಣ್ಣನ್ನು ಸುರಿದು ಉಬ್ಬರದ ನೀರನ್ನು ತಡೆದರೆ, ಒಂದು ಮರವನ್ನೂ ಕಡಿಯದೆ ಇಡೀ ಕಾಡನ್ನು ಕೊಲ್ಲಬಹುದು. ಉಸಿರು ಬೇರುಗಳ ಮೇಲೆ ಪ್ಲಾಸ್ಟಿಕ್ ಚೀಲಗಳು ಹಾಸಿಕೊಂಡರೆ ಮರದ ಉಸಿರು ಕಟ್ಟುತ್ತದೆ.

ಚರಂಡಿ ನೀರಿನ ಪರಿಣಾಮವು ಇನ್ನೂ ವಿಚಿತ್ರವಾದುದು. ಅದರಲ್ಲಿರುವ ಗೊಬ್ಬರದ ಅಂಶದಿಂದ ಪಾಚಿಯು ಹುಲುಸಾಗಿ ಬೆಳೆಯುತ್ತದೆ. ರಾಜಹಂಸಗಳು ಇಷ್ಟೊಂದು ಸಂಖ್ಯೆಯಲ್ಲಿ ಇಲ್ಲಿಗೆ ಬರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ತಜ್ಞರ ಊಹೆ. ಆದರೆ ಆ ಹೊಲಸು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ಮುಗಿದು ಮೀನುಗಳು ನಶಿಸುತ್ತವೆ. ಆದುದರಿಂದ ಹಕ್ಕಿಗಳು ತುಂಬಿವೆಯೆಂಬ ಒಂದೇ ಕಾರಣದಿಂದ ಖಾಡಿಯು ಆರೋಗ್ಯವಾಗಿದೆಯೆಂದು ಹೇಳಲಾಗದು. ಜಾಲದ ಒಂದು ಎಳೆಯನ್ನು ಮಾತ್ರ ನೋಡಿ ತೀರ್ಪು ಕೊಡುವವನು ಮೋಸಹೋಗುತ್ತಾನೆ.

೨೦೦೫ನೆಯ ಇಸವಿ ಜುಲೈ ೨೬ನ್ನು ಈ ನಗರದ ಹಿರಿಯರು ಮರೆತಿಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಸಮುದ್ರದಲ್ಲಿ ಉಬ್ಬರವಿದ್ದುದರಿಂದ ನೀರು ಹೊರಕ್ಕೆ ಹರಿಯದೆ ಹಿಂದಕ್ಕೆ ನುಗ್ಗಿತು. ನೂರಾರು ಜನರು ಪ್ರಾಣವನ್ನು ಕಳೆದುಕೊಂಡರು. ಅಂಥ ಮಳೆಯನ್ನು ಯಾವ ಕಾಡೂ ಪೂರ್ಣವಾಗಿ ತಡೆಯಲಾರದು. ಆದರೂ ಮಿಠೀ ನದಿಯ ಪಾತ್ರವು ಕಿರಿದಾಗಿ, ಅದರ ದಂಡೆಯ ಕಾಂಡ್ಲಾ ಕಾಡುಗಳೂ ಜೌಗು ನೆಲಗಳೂ ಮಣ್ಣಿನಡಿಯಲ್ಲಿ ಹುದುಗಿಹೋಗಿದ್ದುದು ಅನಾಹುತವನ್ನು ಹೆಚ್ಚಿಸಿತೆಂದು ಎಲ್ಲರೂ ಒಪ್ಪಿದರು. ಉಬ್ಬರದ ನೀರನ್ನೂ ಮಳೆಯ ನೀರನ್ನೂ ಹೀರಿ ನಿಲ್ಲಿಸಿಕೊಳ್ಳುತ್ತಿದ್ದ ಅಂಗಳವನ್ನು ನಾವೇ ಮುಚ್ಚಿದ್ದೆವು.

ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡುಗಳ ನಾಶವನ್ನು ತಡೆಯುವ ಆಜ್ಞೆಯನ್ನಿತ್ತಿತು. ೨೦೧೮ರಲ್ಲಿ ಅಂತಿಮ ತೀರ್ಪು ಬಂದಿತು. ೨೦೧೫ರಲ್ಲಿ ಥಾಣೆ ಖಾಡಿಯ ಒಂದು ಭಾಗವು ರಾಜಹಂಸಗಳ ಅಭಯಾರಣ್ಯವಾಯಿತು; ೨೦೨೨ರಲ್ಲಿ ಅದು ರಾಮ್‌ಸಾರ್ ಒಪ್ಪಂದದ ಮೇರೆಗೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯನ್ನು ಸೇರಿತು. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೂ ೨೦೨೪ರಲ್ಲಿ ಅದೇ ಗೌರವವು ದೊರೆತಿದೆ. ಕಾನೂನು ಒಳ್ಳೆಯದೇ. ಆದರೆ ರಾತ್ರಿಯ ಹೊತ್ತು ಕಲ್ಲುಮಣ್ಣಿನ ಲಾರಿಯು ಖಾಡಿಯ ದಂಡೆಗೆ ಬಂದಾಗ ಅದನ್ನು ಕಾಣಬೇಕಾದ ಕಣ್ಣುಗಳು ನೆರೆಯಲ್ಲಿರುವವರವು.

ಮುಗಿಸುವ ಮುನ್ನ

ಮನೆಯಲ್ಲಿ ಯಾರು ಮುಖ್ಯರೆಂದು ಕೇಳಿದರೆ ನಾವು ಹಿರಿಯರ ಹೆಸರನ್ನು ಹೇಳುತ್ತೇವೆ. ಖಾಡಿಯ ಸಂಸಾರದಲ್ಲಿ ಮುಖ್ಯರು ಯಾರು? ರಾಜಹಂಸವನ್ನು ನೋಡಲು ಜನರು ದೋಣಿಯಲ್ಲಿ ಹೋಗುತ್ತಾರೆ; ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾವನ್ನು ನೋಡಲು ಯಾರೂ ಹೋಗುವುದಿಲ್ಲ. ಆದರೆ ರಾಜಹಂಸವು ಒಂದು ವರ್ಷ ಬಾರದಿದ್ದರೂ ಖಾಡಿಯು ಬದುಕೀತು; ಬ್ಯಾಕ್ಟೀರಿಯಾಗಳು ಒಂದು ತಿಂಗಳು ಕೆಲಸ ನಿಲ್ಲಿಸಿದರೆ ಬಿದ್ದ ಎಲೆಗಳು ಬಿದ್ದಲ್ಲಿಯೇ ಉಳಿದು, ಇಡೀ ಸಂಸಾರಕ್ಕೆ ಉಪವಾಸ ಬಂದೀತು. ಮುಂದಿನ ಸಲ ಸೇತುವೆಯನ್ನು ದಾಟುವಾಗ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳಿರಿ, ತಪ್ಪಿಲ್ಲ. ಆದರೆ ಕಣ್ಣುಗಳನ್ನು ಮುಚ್ಚಬೇಡಿರಿ.

ಅಭ್ಯಾಸ

೧. ಈ ಪಾಠದಲ್ಲಿ ಬಂದ ಜೀವಿಗಳ ಹೆಸರುಗಳನ್ನು ಬರೆದು, ಯಾರು ಯಾರನ್ನು ತಿನ್ನುವರೆಂದು ಬಾಣದ ಗುರುತುಗಳಿಂದ ತೋರಿಸಿರಿ. ಆ ಚಿತ್ರವು ಸರಪಳಿಯಾಯಿತೋ, ಜಾಲವಾಯಿತೋ?

೨. ಖಾಡಿಯಲ್ಲಿ ಏಡಿಗಳೆಲ್ಲ ನಾಶವಾದರೆ ಯಾರಿಗೆ ಏನಾದೀತು? ಮರಕ್ಕೆ, ನರಿಗೆ, ಕೆಸರಿಗೆ, ಹೀಗೆ ಬೇರೆ ಬೇರೆಯಾಗಿ ಬರೆಯಿರಿ.

೩. ದಿನಪತ್ರಿಕೆಯಿಂದ ಒಂದು ವಾರದ ಉಬ್ಬರದ ವೇಳೆಗಳನ್ನು ಬರೆದುಕೊಂಡು, ಅವು ದಿನದಿಂದ ದಿನಕ್ಕೆ ಎಷ್ಟು ಮುಂದಕ್ಕೆ ಹೋಗುತ್ತವೆಂದು ಲೆಕ್ಕಹಾಕಿರಿ.

೪. ನಿಮ್ಮ ಮನೆಯ ಬಳಿಯ ಒಂದು ಮರವನ್ನು ಆರಿಸಿಕೊಳ್ಳಿರಿ. ಒಂದು ವಾರದಲ್ಲಿ ಅದಕ್ಕೆ ಯಾರು ಯಾರು ಬಂದರು, ಏತಕ್ಕಾಗಿ ಬಂದರು, ಏನನ್ನು ಬಿಟ್ಟುಹೋದರು ಎಂಬುದನ್ನು ದಿನಚರಿಯಾಗಿ ಬರೆಯಿರಿ.